ಕೆಸರಮ್ಮನ ಎರಡು ಅಳತೆ

ಕೆಸರಮ್ಮ ಎಂಬ ಹೆಸರನ್ನು ಅವರಿಗೆ ಕಟ್ಟಿದವರು ಕಟ್ಟಡದ ಕಂಟ್ರಾಕ್ಟರುಗಳು. ಬೈಗುಳವೆಂದೇ ಕಟ್ಟಿದ್ದರು. ಅದು ಕಚೇರಿ ಜೀಪಿನ ಡ್ರೈವರನ ಬಾಯಿಂದ ಜಾರಿ ಅವರ ಕಿವಿಗೇ ಬಿದ್ದ ದಿನ ಅವನು ನಾಲಿಗೆ ಕಚ್ಚಿಕೊಂಡ. ಅವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪರವಾಗಿಲ್ಲ ಡ್ರೈವರಣ್ಣ. ನಮ್ಮತ್ತೆ ಇಟ್ಟಿರೋ ಹೆಸರುಗಳ ಮುಂದೆ ಇದು ಬಿರುದು," ಎಂದರು.

ಹದಿನಾಲ್ಕು ವರ್ಷ ಅವನು ಅವರ ಜೀಪು ಓಡಿಸಿದ. ಅವರು ಹೋದ ಮೇಲೆ ಕಚೇರಿ ಅವರ ಬಗ್ಗೆ ಬರೆದ ಕಾಗದ ಓದಿದರೆ ಅವರು ಏನು ಕೆಲಸ ಮಾಡುತ್ತಿದ್ದರೆಂಬುದೇ ಗೊತ್ತಾಗುವುದಿಲ್ಲ. ಅದಕ್ಕಾಗಿ ಆ ಕೆಲಸವನ್ನು ಮೊದಲು ಹೇಳಬೇಕು.

ಅವರದು ಮಳೆನೀರಿನ ತಪಾಸಣೆ. ದೊಡ್ಡ ಕಟ್ಟಡ ಎಬ್ಬಿಸುವವರು ಪಾಯ ತೋಡುವ ಮೊದಲು ಒಂದು ಹೊಂಡ ತೋಡಬೇಕೆಂದು ಆ ಊರಿನ ನಿಯಮ. ಸೈಟಿನಲ್ಲಿ ಬಿದ್ದ ಮಳೆಯೆಲ್ಲ ಆ ಹೊಂಡಕ್ಕೆ ಹರಿಯಬೇಕು. ಅಲ್ಲಿ ಮಣ್ಣು ತಳಕ್ಕೆ ಇಳಿದು, ಮೇಲಿನ ತಿಳಿನೀರು ಸಣ್ಣ ಕೊಳವೆಯಲ್ಲಿ ನಿಧಾನವಾಗಿ ಚರಂಡಿ ಸೇರಬೇಕು. ಇಳಿಜಾರಿನ ಅಂಚಿಗೆ ಮಣ್ಣು ತಡೆಯುವ ಬಟ್ಟೆಯ ಬೇಲಿ ಇರಬೇಕು. ಲಾರಿಯ ಚಕ್ರದ ಕೆಸರು ಬೀದಿಗೆ ಬರದಂತೆ ಗೇಟಿನಲ್ಲಿ ದಪ್ಪ ಜಲ್ಲಿ ಹಾಸಿರಬೇಕು. ಹೊಂಡದಲ್ಲಿ ಹೂಳು ಅರ್ಧ ತುಂಬಿತೆಂದರೆ ಕೆಲಸ ನಿಲ್ಲಿಸಿ ಎತ್ತಿಸಬೇಕು. ಇದರಲ್ಲಿ ತಿಳಿಯದೆ ಇರುವಂಥದ್ದು ಏನೂ ಇಲ್ಲ. ನಿನ್ನ ಅಂಗಳದ ಕಸವನ್ನು ಪಕ್ಕದವನ ಬಾಗಿಲಿಗೆ ಗುಡಿಸಬೇಡ ಎಂದು ತಾಯಂದಿರು ಮಕ್ಕಳಿಗೆ ಹೇಳುವ ಮಾತೇ ಇದು.

ಜೋರು ಮಳೆ ಬಂದ ಮಾರನೆಯ ದಿನ ಅವರು ಮೊಣಕಾಲಿನ ತನಕ ಬರುವ ರಬ್ಬರ್ ಬೂಟು ಹಾಕಿಕೊಂಡು ಜೀಪು ಹತ್ತುತ್ತಿದ್ದರು. ಕಾಯುವುದು ಡ್ರೈವರನ ಅರ್ಧ ಕೆಲಸ, ಆ ಅರ್ಧದಲ್ಲಿ ಅವನು ಗ್ರಂಥಾಲಯದ ಕಾದಂಬರಿ ಓದುತ್ತಿದ್ದ. ಅವರು ಕಿಟಕಿ ತಟ್ಟಿ, "ಆ ಹುಡುಗಿಗೆ ಇನ್ನೂ ಮದುವೆ ಆಗ್ಲಿಲ್ವಾ? ಇನ್ನೂರು ಪುಟ ಆಯ್ತಲ್ಲ! ಬಾ, ಕೋಲು ಹಿಡ್ಕೋ," ಎನ್ನುತ್ತಿದ್ದರು. ಕೋಲು ಹಿಡಿಯುವುದು ಡ್ರೈವರನ ಕೆಲಸವೆಂದು ಯಾವ ಆದೇಶದಲ್ಲೂ ಇರಲಿಲ್ಲ. ಹಿಡಿದು ಹಿಡಿದು ಅವನಿಗೆ ರೂಢಿಯಾಯಿತು.

ಆ ಕೋಲಿನದೇ ಒಂದು ಕಥೆಯಿದೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಕೆಸರಮ್ಮ ಒಂದು ತಪ್ಪು ಮಾಡಿದರು. ಹೊಂಡದ ಆಳ ಅಳೆಯಲು ಕಚೇರಿ ಕೊಟ್ಟಿದ್ದು ಅಡಿ ಅಡಿಗೆ ಗುರುತು ಹಾಕಿದ, ತುದಿ ಚೂಪಾದ ಉದ್ದನೆಯ ಮರದ ಕೋಲು. ಹೂಳು ಎಂದರೆ ಕಲ್ಲಲ್ಲ. ಅದು ನೀರಿನಡಿ ನೀರು ಹೆಚ್ಚಾದ ಹಿಟ್ಟಿನ ಹಾಗೆ ಕೂತಿರುತ್ತದೆ. ಚೂಪು ಕೋಲು ಅದರೊಳಗೆ ಸದ್ದಿಲ್ಲದೆ ಇಳಿದು ಗಟ್ಟಿ ನೆಲ ಮುಟ್ಟಿದ ಮೇಲೇ ನಿಲ್ಲುತ್ತದೆ. ಮೇಲೆ ನೋಡಿದರೆ ಮಟ್ಟಸ ನೀರು, ಕೋಲು ನೋಡಿದರೆ ಎಂಟಡಿ. ಅವರು ಎಂಟು ಎಂದು ಬರೆದು ಸಹಿ ಹಾಕಿದರು. ಹತ್ತು ದಿನಕ್ಕೆ ಬಂದ ಮಳೆ ಆ ಹೊಂಡದ ಮೇಲೆ ಹಾದು ಕೆಳಗಿನ ಶಿಶುವಿಹಾರಕ್ಕೆ ನುಗ್ಗಿತು. ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಪುಟಾಣಿ ಕುರ್ಚಿಗಳೆಲ್ಲ ಕೆಸರಿನಲ್ಲಿ ಕುತ್ತಿಗೆ ತನಕ ಹೂತಿದ್ದವು.

ಅದನ್ನು ನೋಡಿ ಬಂದವರೇ ಅವರು ಒಂದು ಹಾಳೆ ತೆಗೆದುಕೊಂಡು ತನ್ನ ಅಳತೆ ತಪ್ಪಾಗಿತ್ತೆಂದು, ಹೊಣೆ ತನ್ನದೆಂದು ಬರೆದು ಆಗಿನ ಮೇಲಧಿಕಾರಿಗೆ ಕೊಟ್ಟರು. ಆತ ಓದಿ, ನಕ್ಕು, ಹಾಳೆಯನ್ನು ವಾಪಸು ಕೊಟ್ಟರು. "ಯಾರೂ ಕೇಳ್ದೆ ಇರೋ ಪ್ರಶ್ನೆಗೆ ಯಾಕಮ್ಮ ಉತ್ತರ ಬರೀತೀಯ?"

ಮಾರನೆಯ ಬೆಳಿಗ್ಗೆ ಡ್ರೈವರು ಅವರ ಮನೆ ಮುಂದೆ ಜೀಪು ನಿಲ್ಲಿಸುವಾಗಲೇ ಒಳಗಿನಿಂದ ಅತ್ತೆಯ ದನಿ ಬೀದಿಗೆ ಕೇಳುತ್ತಿತ್ತು.

"ಲೋಕದಲ್ಲಿ ಕಳ್ಳರು ಪಾತ್ರೆ ಕದೀತಾರೆ, ಇವಳು ಮುಚ್ಚಳ ಕದೀತಾಳೆ! ಬಾಪ್ಪ ಡ್ರೈವರಪ್ಪ, ನೀನೇ ಹೇಳು. ಹಾಲಿಗೆ ಏನು ಮುಚ್ಲಿ? ಇವಳ ನೋಟೀಸು ಮುಚ್ಲಾ?"

"ಹೊಸದು ತಂದ್ಕೊಡ್ತೀನಿ ಅಂದ್ನಲ್ಲ ಅತ್ತೆ."

"ಹೊಸದು ಯಾರಿಗೆ ಬೇಕು? ಅದು ನನ್ನ ತವರಿನ ಮುಚ್ಚಳ ಕಣೇ!"

ಕೆಸರಮ್ಮನ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು, ಮಾತು ಕಡಿಮೆ. ಅವರು ಆ ಮುಚ್ಚಳದ ನಡುವೆ ತೂತು ಕೊರೆದು, ಕೋಲಿನ ತುದಿಗೆ ತಿರುಪು ಹಾಕಿ ಕೂರಿಸುತ್ತ ಬಾಗಿಲ ಮರೆಯಲ್ಲಿ ನಗುತ್ತಿದ್ದರು.

ಅಂದಿನಿಂದ ಕೆಸರಮ್ಮನದು ಎರಡು ಅಳತೆ. ಮೊದಲು ಮುಚ್ಚಳ ಇಟ್ಟು ಕೋಲನ್ನು ನಿಧಾನ ಇಳಿಸುವುದು. ಅಗಲವಾದ ಮುಚ್ಚಳ ಹೂಳಿನ ನೆತ್ತಿಯ ಮೇಲೆ ನಿಂತುಬಿಡುತ್ತದೆ. ಆಮೇಲೆ ಮುಚ್ಚಳ ಬಿಚ್ಚಿ ಬರೀ ಕೋಲನ್ನು ನೆಲದ ತನಕ ಒತ್ತುವುದು. ಎರಡರ ನಡುವಿನ ಅಂತರ ಹೂಳು. ಕಂಟ್ರಾಕ್ಟರುಗಳಿಗೆ ಆ ಮುಚ್ಚಳ ಕಂಡರೆ ಮೈ ಉರಿಯುತ್ತಿತ್ತು. ಕಣ್ಣಿಗೆ ಮಣ್ಣೆರಚುವುದು ಅಲ್ಲಿಯ ತನಕ ಬಲು ಸುಲಭವಾಗಿತ್ತು.

ಗುಡ್ಡದ ಮೇಲೆ ಏಳು ಮಹಡಿಗಳ ಮನೆಗಳು ಏಳತೊಡಗಿದ್ದು ಕಳೆದ ವರ್ಷ. ಆ ಸೈಟಿನ ಹೊಂಡದ ನೇರ ಕೆಳಗೆ ತಗ್ಗಿನ ಬೀದಿ, ಇಪ್ಪತ್ತಾರು ಮನೆ. ಬೋರ್ಡು ಬರೆಯುವವನದೊಂದು, ಬಟ್ಟೆ ಹೊಲಿಯುವ ಹೆಂಗಸಿನದೊಂದು, ಇಸ್ತ್ರಿಯವನದೊಂದು, ಹೀಗೆ. ಮಳೆಗಾಲಕ್ಕೆ ಮುಂಚೆ ಎರಡು ಸಣ್ಣ ಮಳೆ ಬಂದುಹೋಗಿತ್ತು. ಕೆಸರಮ್ಮ ಹೊಂಡದ ದಂಡೆಗೆ ಹೋದಾಗ ಗುಡ್ಡದ ಕಂಟ್ರಾಕ್ಟರು ಕೈಕಟ್ಟಿ ನಿಂತಿದ್ದ.

"ಏನು ಮೇಡಂ, ಮತ್ತೆ ಮುಚ್ಚಳ ತಂದ್ರಾ? ನಮ್ಮ ಹೊಂಡಾನ ಒಲೆ ಮೇಲೆ ಇಟ್ಟಿದೀರಾ?"

"ಬೆಂದಿದ್ಯೋ ಇಲ್ವೋ ನೋಡ್ಬೇಕಲ್ಲ ಸ್ವಾಮಿ."

ಮುಚ್ಚಳ ಮೂರಡಿಗೆ ನಿಂತಿತು. ಬಿಚ್ಚಿ ಒತ್ತಿದರೆ ಎಂಟಡಿ. ಡ್ರೈವರೇ ಕೋಲಿನ ಮೇಲಿನ ಗುರುತು ಓದಿ ಜೋರಾಗಿ ಹೇಳಿದ, ಅವರು ಬರೆದುಕೊಂಡರು.

"ಐದಡಿ ಹೂಳು. ಇವತ್ತೇ ಕೆಲ್ಸ ನಿಲ್ಸಿ. ಹೂಳು ಎತ್ಸಿದ ಮೇಲೆ ಶುರು ಮಾಡಿ."

"ಇನ್ನೂ ಹದಿನೈದು ದಿನ ಮಳೆ ಇಲ್ಲ ಅಂತ ಹವಾಮಾನದೋರು ಹೇಳಿದಾರೆ ಮೇಡಂ."

"ಮಳೆ ಹವಾಮಾನದೋರ ಅಪ್ಪಣೆ ಕೇಳ್ಕೊಂಡು ಬರುತ್ತಾ? ಕೆಳಗೆ ಇಪ್ಪತ್ತಾರು ಮನೆ ಇದೆ."

"ನಾನು ನಿಮ್ಮ ಸಾಹೇಬರ ಹತ್ರ ಮಾತಾಡ್ಕೋತೀನಿ ಬಿಡಿ."

ಮಾತಾಡಿಕೊಂಡ. ತಪಾಸಣೆಯ ಹಾಳೆಯಲ್ಲಿ 'ಆಳ' ಎಂದು ಇರುವುದು ಒಂದೇ ಕಲಂ. ಕೆಸರಮ್ಮ ಯಾವಾಗಲೂ ಅದರೊಳಗೆ ಮುಚ್ಚಳದ ಅಳತೆ ಬರೆದು, ಪಕ್ಕದ ಅಂಚಿನಲ್ಲಿ ಕೋಲಿನ ಅಳತೆ ಬರೆಯುತ್ತಿದ್ದರು. ಅಂದು ಬರೆದದ್ದೂ ಹಾಗೆಯೇ, ಒಳಗೆ ಮೂರು, ಅಂಚಿನಲ್ಲಿ ಎಂಟು. ಕೆಲಸ ನಿಲ್ಲಿಸಬೇಕೆಂದು ಕೆಳಗೆ ಷರಾ. ಹಾಳೆ ಕೊಡಲು ಹೋದಾಗ ಜೀಪಿನ ಕೀಲಿ ಒಪ್ಪಿಸಲು ಬಂದ ಡ್ರೈವರು ಈಗಿನ ಮೇಲಧಿಕಾರಿಯಾದ ಎಂಜಿನಿಯರ ಬಾಗಿಲಲ್ಲೇ ಇದ್ದ.

"ಒಂದು ಕಲಮಿಗೆ ಎರಡು ಸಂಖ್ಯೆ ಬರೀತೀಯಲ್ಲಮ್ಮ, ಕಂಪ್ಯೂಟರ್ ತಗೊಳ್ಳುತ್ತಾ?"

"ಕಲಂ ಒಳಗಿರೋದು ಒಂದೇ ಸಾರ್, ಮೂರು. ಅದನ್ನ ತಗೊಳ್ಳಿ."

"ಮುಚ್ಚಳ ಹಾಕಿ ಅಳೆದದ್ದು. ಅದೇನು ಇಲಾಖೆ ಕೊಟ್ಟಿರೋ ಉಪಕರಣಾನಾ?"

"ಇಲಾಖೆ ಕೊಟ್ಟ ಕೋಲು ಸುಳ್ಳು ಹೇಳುತ್ತೆ ಸಾರ್. ಹನ್ನೊಂದು ವರ್ಷದಿಂದ ಬರೀತಾನೇ ಇದೀನಿ."

"ಸರಿ, ಇಟ್ಟು ಹೋಗಮ್ಮ. ನೋಡೋಣ."

ಅವರು ಆ ಮಾತನ್ನು ನಂಬಿದರು. ಅಷ್ಟು ವರ್ಷ ಕಚೇರಿಯಲ್ಲಿದ್ದೂ 'ನೋಡೋಣ' ಎಂದರೆ ನೋಡುತ್ತಾರೆಂದು ನಂಬಿದರು.

ಒಂಬತ್ತನೆಯ ದಿನ ಮಧ್ಯಾಹ್ನ ಮೂರಕ್ಕೆ ಮಳೆ ಶುರುವಾಯಿತು, ನಾಲ್ಕೂವರೆಗೆ ನಿಂತಿತು. ಊರು ಮುಳುಗಿಸುವ ಮಳೆಯೇನಲ್ಲ. ಬೇರೆ ಬೀದಿಗಳಲ್ಲಿ ಜನ ಅಂಗಡಿ ಮುಂದೆ ನಿಂತು ನೋಡಿ ಮನೆಗೆ ಹೋದರು. ತಗ್ಗಿನ ಬೀದಿಗೆ ಮಾತ್ರ ಗುಡ್ಡವೇ ಇಳಿದು ಬಂತು. ಡ್ರೈವರು ಮತ್ತು ಕೆಸರಮ್ಮ ಹೋಗಿ ನೋಡಿದಾಗ ಹೊಲಿಯುವ ಹೆಂಗಸಿನ ಮನೆಯಲ್ಲಿ ಎರಡು ಯಂತ್ರಗಳ ಚಕ್ರದ ಮೇಲ್ಭಾಗವಷ್ಟೇ ಕಾಣುತ್ತಿತ್ತು. ಬೋರ್ಡು ಬರೆಯುವವನು ಏಳಲಾರದ ತನ್ನ ತಂದೆಯನ್ನು ಊಟದ ಮೇಜಿನ ಮೇಲೆ ಮಲಗಿಸಿ ಮೇಜನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತಿದ್ದ. ಮೇಜು ತೇಲದಿರಲಿ ಎಂದು.

ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಲಿಯುವ ಹೆಂಗಸು ಕೆಸರಿನಿಂದ ಒಂದು ಕತ್ತರಿ ಎತ್ತಿ, ಒರೆಸುತ್ತ, ತಣ್ಣಗೆ ಕೇಳಿದಳು. "ನೀವು ಮೇಲೆ ಬಂದು ನೋಡಿ ಹೋದ್ರಲ್ಲಮ್ಮ, ನಾನೇ ಕಂಡೆ. ನೋಡಿ ಏನು ಮಾಡಿದ್ರಿ?"

"ನಿಲ್ಸಿ ಅಂತ ಬರ್ದು ಕೊಟ್ಟಿದೀನಿ ಕಣಮ್ಮ," ಎಂದರು ಕೆಸರಮ್ಮ. ಅವಳು ನಂಬಿದಳೋ ಇಲ್ಲವೋ, ಬಗ್ಗಿ ಇನ್ನೊಂದು ಕತ್ತರಿ ಹುಡುಕತೊಡಗಿದಳು.

ಕಚೇರಿಗೆ ಹೋಗಿ ನೋಡಿದರೆ ಕಡತದಲ್ಲಿ ಇದ್ದದ್ದು ಟೈಪು ಮಾಡಿದ ಶುದ್ಧಪ್ರತಿ. ಆಳ: ಎಂಟು ಅಡಿ. ಷರಾ: ತೃಪ್ತಿಕರ. ಕೆಳಗೆ ಅವರ ಹುದ್ದೆ, ಅದರ ಮೇಲೆ 'ಸಹಿ' ಎಂದು ಒಂದು ಪದ, ಪಕ್ಕದಲ್ಲಿ ಒಂದು ಗೀಟು. ಮೂಲದಲ್ಲಿ ಸಹಿಯಿದೆ ಎಂದು ಅದರರ್ಥ. ಮೂಲ ಎಲ್ಲಿ ಎಂದರೆ, ಹುಡುಕಿಸುತ್ತಿದ್ದೇವೆ.

ಈಗಲೂ ಹುಡುಕಿಸುತ್ತಿದ್ದಾರೆ.

ಮುಂದೆ ಆದದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ. ಎರಡೇ ದಿನದಲ್ಲಿ ಕಂಟ್ರಾಕ್ಟರು ಯಂತ್ರ ಇಳಿಸಿ ಹೊಂಡದ ಹೂಳೆಲ್ಲ ಎತ್ತಿಸಿದ. ಮೂರನೆಯ ದಿನ ಎಂಜಿನಿಯರು ಪತ್ರಿಕೆಯವರನ್ನು ಕರೆದುಕೊಂಡು ಹೋಗಿ ಕೋಲು ಇಳಿಸಿದರು, ಎಂಟಡಿ. ಅಷ್ಟು ಹೊತ್ತಿಗೆ ಅದು ನಿಜವೂ ಆಗಿತ್ತು. ತಗ್ಗಿನ ಬೀದಿಯವರು ಗಲಾಟೆ ಮಾಡಿದಾಗ, ಹೊಂಡ ತುಂಬಿದ್ದರೆ ತಪಾಸಣೆ ಮಾಡಿದವರು ಸರಿಯಾಗಿ ನೋಡಿಲ್ಲವೆಂದೇ ಅರ್ಥ ಎಂದು ಹೇಳಿ ಕೆಸರಮ್ಮನ ಮೇಲೆ ಕರ್ತವ್ಯಲೋಪದ ವಿಚಾರಣೆ ಹೂಡಿದರು. ಸೈಟುಗಳನ್ನು ಕಿತ್ತುಕೊಂಡು, ದಾಖಲೆ ಕೋಣೆಯಲ್ಲಿ ಜನನ ಪತ್ರಗಳಿಗೆ ಮೊಹರು ಒತ್ತಲು ಕೂರಿಸಿದರು.

ಡ್ರೈವರು ತಾನಾಗಿ ಹೋಗಿ ಸಾಕ್ಷಿ ಹೇಳಿದ. ವಿಚಾರಣೆಯವರು ಕನ್ನಡಕದ ಮೇಲಿನಿಂದ ನೋಡಿದರು.

"ನೀನು ಎಂಜಿನಿಯರಾ?"

"ಡ್ರೈವರು ಸ್ವಾಮಿ. ಕೋಲು ನಾನೇ ಹಿಡಿದಿದ್ದೆ, ಮುಚ್ಚಳ ಮೂರಕ್ಕೆ ನಿಂತಿತ್ತು. ನಾನೇ ಓದಿ ಹೇಳ್ದೆ."

"ಹೊಂಡದ ಆಳದ ಬಗ್ಗೆ ನಿನಗೇನಪ್ಪ ಗೊತ್ತು?"

"ಮೂರಕ್ಕೂ ಎಂಟಕ್ಕೂ ಇರೋ ವ್ಯತ್ಯಾಸ ತಿಳ್ಕೊಳೋಕೆ ಎಂಜಿನಿಯರಿಂಗ್ ಓದ್ಬೇಕಾ ಸ್ವಾಮಿ?"

ಬರೆದುಕೊಂಡದ್ದು ಒಂದು ಸಾಲು: ಸಾಕ್ಷಿಗೆ ತಾಂತ್ರಿಕ ಜ್ಞಾನವಿಲ್ಲ.

ಕೆಸರಮ್ಮ ಊಟದ ಹೊತ್ತಿಗೆ ಡಬ್ಬಿ ಹಿಡಿದು ಜೀಪುಗಳ ಶೆಡ್ಡಿಗೆ ಬರುತ್ತಿದ್ದರು. "ನಿನ್ನೆ ಮಳೆ ಬಂತಲ್ಲ, ಯಾರಾದ್ರೂ ಹೋಗಿ ನೋಡಿದ್ರಾ?" ಎಂಬುದೇ ಮೊದಲ ಪ್ರಶ್ನೆ. ಯಾರೂ ಹೋಗಿರುತ್ತಿರಲಿಲ್ಲ. ಹೋಗಿದ್ದಾರೆ ಎಂದು ಡ್ರೈವರು ಒಮ್ಮೆ ಸುಳ್ಳು ಹೇಳಿದ. ಅವರು ಅವನ ಮುಖವನ್ನೇ ನೋಡಿ, "ನಿಂಗೆ ಸುಳ್ಳು ಹೇಳೋಕೆ ಬರಲ್ಲ, ಅಷ್ಟೊಂದು ಕಾದಂಬರಿ ಓದಿ ಏನು ಬಂತು?" ಎಂದರು. ಆಮೇಲೆ ಡಬ್ಬಿ ಮುಚ್ಚುತ್ತ ಹೇಳಿದರು:

"ಶಿಕ್ಷೆ ಕೊಡೋದಾದ್ರೆ ಕೊಡ್ಲಿ ಡ್ರೈವರಣ್ಣ. ಶಿಶುವಿಹಾರದ್ದಕ್ಕೆ ಕೊಟ್ಟಿದ್ರೆ ತಗೊಳ್ತಿದ್ದೆ, ಆವಾಗ ತಪ್ಪು ನಂದೇ. ಆದ್ರೆ ಆ ಬೀದಿಯೋರು ನಾನು ಎಂಟು ಅಂತ ಬರ್ದೆ ಅಂದ್ಕೋಬಾರ್ದು. ಅಷ್ಟು ಸಾಕು ನಂಗೆ."

ಎರಡು ಸಲ ವಿಚಾರಣೆ ನಡೆದಿತ್ತು, ಮೂರನೆಯದಕ್ಕೆ ಹನ್ನೊಂದು ದಿನ ಇತ್ತು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಮಂಚದ ಅಂಚಿಗೆ ಕೂತು, ಎದೆ ಹಿಡಿದುಕೊಂಡು, ನೀರು ಕೇಳಿದರು. ಗಂಡ ನೀರು ತರುವಷ್ಟರಲ್ಲಿ ಆಗಿಹೋಗಿತ್ತು. ಐವತ್ತೊಂದು ವರ್ಷ.

ಕೊರಗಿ ಸತ್ತರು ಎಂದರು ಕಚೇರಿಯಲ್ಲಿ. ಡ್ರೈವರನಿಗೆ ಆ ಮಾತು ಕೇಳಿದರೆ ಇಂದಿಗೂ ರಕ್ತ ಕುದಿಯುತ್ತದೆ. ಕೊರಗುವ ಹೆಂಗಸಾಗಿರಲಿಲ್ಲ ಅವರು. ಹಿಂದಿನ ಶುಕ್ರವಾರವಷ್ಟೇ ಮೂರನೆಯ ವಿಚಾರಣೆಗೆ ಕೇಳಬೇಕಾದ ಪ್ರಶ್ನೆಗಳನ್ನು ಶೆಡ್ಡಿನಲ್ಲಿ ಕೂತು ಬರೆದಿದ್ದರು, ಒಟ್ಟು ಹತ್ತೊಂಬತ್ತು. ಕೊರಗಿ ಸತ್ತರು ಎಂದುಬಿಟ್ಟರೆ ಎಲ್ಲರಿಗೂ ಅನುಕೂಲ. ಸತ್ತವರ ಮನಸ್ಸೇ ದುರ್ಬಲವಾಗಿತ್ತು ಎಂದಾಗುತ್ತದೆ.

ಸಂತಾಪ ಸಭೆಯನ್ನೂ ಮಾಡಿದರು. "ನಿಷ್ಠಾವಂತರು, ಅಳತೆಯಲ್ಲಿ ಬಹಳ ಕಟ್ಟುನಿಟ್ಟು," ಎಂದರು ಎಂಜಿನಿಯರು. ಅದೇ ಬಾಯಿ. ಒಂದು ನಿಮಿಷದ ಮೌನವನ್ನು ಅವರೇ ಗಡಿಯಾರ ನೋಡಿ ಮುಗಿಸಿದರು.

ಐದು ವಾರದ ಮೇಲೆ ಎಂಜಿನಿಯರು ಡ್ರೈವರನನ್ನು ಕರೆದು ಒಂದು ಲಕೋಟೆ ಕೊಟ್ಟರು. ಆಪಾದಿತ ನೌಕರರು ನಿಧನರಾದ ಪ್ರಯುಕ್ತ ವಿಚಾರಣೆಯನ್ನು ಮುಕ್ತಾಯಗೊಳಿಸಲಾಗಿದೆ, ಆಪಾದನೆಯ ಕುರಿತು ಯಾವುದೇ ಅಭಿಪ್ರಾಯ ದಾಖಲಿಸಿಲ್ಲ ಎಂದಿತ್ತು. ತಪ್ಪು ಮಾಡಿದರು ಎಂದಿಲ್ಲ, ಮಾಡಲಿಲ್ಲ ಎಂದೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ. ಆ ದೀಪದ ಬೆಳಕಿನಲ್ಲಿ ಎಂಟು ಎಂಬ ಸಂಖ್ಯೆ ಮಾತ್ರ ಹಾಗೇ ಉಳಿದಿತ್ತು.

"ಇದಕ್ಕೆ ಒಪ್ಪಿಗೆ ಅಂತ ಮನೆಯೋರ ಹತ್ರ ಸಹಿ ಹಾಕಿಸ್ಕೊಂಡು ಬಾ. ಕಡತ ಮುಗೀಬೇಕು, ಗುಡ್ಡದ ಎರಡನೇ ಹಂತದ ಅನುಮತಿ ಇದಕ್ಕೇ ನಿಂತಿದೆ," ಎಂದರು.

ಮನೆಯಲ್ಲಿ ಗಂಡ ಕಾಗದವನ್ನು ಎರಡು ಸಲ ಓದಿ, ಮಡಿಸಿ, ತಾಯಿಯ ಕೈಗಿಟ್ಟರು. ಮುದುಕಿಗೆ ಕಣ್ಣು ಮಂದ. "ಓದಪ್ಪ ಡ್ರೈವರಪ್ಪ," ಎಂದು ಅವನಿಂದಲೇ ಓದಿಸಿದರು. ಕೇಳಿ ಕಾಗದವನ್ನು ಬೆರಳಿನಿಂದ ತಟ್ಟಿದರು.

"ಇದ್ರಲ್ಲಿ ನನ್ನ ಸೊಸೆ ತಪ್ಪು ಮಾಡಿಲ್ಲ ಅಂತ ಎಲ್ಲಿ ಬರ್ದಿದೆ, ತೋರ್ಸು."

"ಇಲ್ಲಮ್ಮ."

"ಮತ್ತೆ ಏನಂತ ಸಹಿ ಹಾಕೋದು? ಸತ್ತಳು ಅಂತಾನಾ? ಅದು ನಮಗೆ ಗೊತ್ತಿಲ್ವಾ? ಕಳ್ಳಿ ಹಾಗೆ ಮೂಲೇಲಿ ಕೂರ್ಸಿ, ಈಗ ಹೋಗ್ಲಿ ಬಿಡಿ ಅಂದ್ರೆ ಏನಪ್ಪ ಅರ್ಥ?" ಕಾಗದವನ್ನು ಮಗನ ಕಡೆ ತಳ್ಳಿದರು. "ನಾನು ಅವಳನ್ನ ಮುಚ್ಚಳಗಳ್ಳಿ ಅಂತಿದ್ದೆ. ನಾನು ಅನ್ಬೋದು, ಅವಳತ್ತೆ ನಾನು. ಇವರ್ಯಾರು?"

ಗಂಡ ಪೆನ್ನು ಹಿಡಿದು ಕೂತಿದ್ದರು. ಡ್ರೈವರನ ಕಡೆ ನೋಡಿ ಕೇಳಿದರು: "ಹದಿನಾಲ್ಕು ವರ್ಷ ಅವಳ ಜೊತೆ ಓಡಾಡಿದೋರು ನೀವು. ನೀವೇ ಹೇಳಿ, ಹಾಕ್ಲಾ?"

ಅವನಿಗೆ ನಿವೃತ್ತಿಗೆ ಎರಡು ವರ್ಷವಿತ್ತು. "ಬೇಡ," ಎಂದ.

ಕಚೇರಿಗೆ ಬಂದು ಲಕೋಟೆಯನ್ನು ಮೇಜಿನ ಮೇಲಿಟ್ಟ. ಎಂಜಿನಿಯರು ತೆರೆದು ನೋಡಿ, "ಸಹಿ ಎಲ್ಲಯ್ಯ?" ಎಂದರು.

"ಹಾಕ್ಲಿಲ್ಲ ಸಾರ್. ನಾನೇ ಬೇಡ ಅಂದೆ."

"ನಿನ್ನ ಕೆಲ್ಸ ಏನು ಅಂತ ಗೊತ್ತಾ ನಿಂಗೆ?"

"ಗೊತ್ತು ಸಾರ್. ಕರ್ಕೊಂಡು ಹೋಗೋದು, ಕರ್ಕೊಂಡು ಬರೋದು. ಇದನ್ನ ಕರ್ಕೊಂಡು ಹೋಗಿದ್ದೆ, ಕರ್ಕೊಂಡು ಬಂದಿದೀನಿ."

ಮಾರನೆಯ ವಾರ ಅವನಿಂದ ಜೀಪು ಕಿತ್ತುಕೊಂಡು ಕಸದ ಲಾರಿ ಕೊಟ್ಟರು. ಕಡತ ಮಾತ್ರ ಮುಗಿಯಲಿಲ್ಲ. ಗುಡ್ಡದ ಎರಡನೆಯ ಹಂತ ನಿಂತೇ ಇದೆ.

ಶಿಕ್ಷೆ ಕೊಟ್ಟವರು ಲಾರಿಯ ದಾರಿ ನೋಡಿರಲಿಲ್ಲ. ಆ ಲಾರಿ ದಿನಾ ಬೆಳಿಗ್ಗೆ ತಗ್ಗಿನ ಬೀದಿಯ ಇಪ್ಪತ್ತಾರು ಮನೆಯ ಮುಂದೆಯೂ ನಿಲ್ಲಬೇಕು. ಜನ ಬುಟ್ಟಿ ಹಿಡಿದು ಹೊರಗೆ ಬಂದೇ ಬರುತ್ತಾರೆ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಒಬ್ಬೊಬ್ಬರಿಗೂ ಹೇಳಿದ: ಅವರು ಮೂರು ಅಂತಲೇ ಬರೆದಿದ್ದರು, ಕೋಲು ಹಿಡಿದವನು ನಾನು. ಬೋರ್ಡು ಬರೆಯುವವನು ಒಳಗೆ ಹೋಗಿ ತಂದೆಗೆ ಅದನ್ನೇ ಜೋರಾಗಿ ಹೇಳಿದ. ಇಸ್ತ್ರಿಯವನು, ಈಗ ಹೇಳಿ ಏನು ಬಂತಣ್ಣ ಎಂದ. ಎಲ್ಲರಿಗೂ ಹೇಳಿ ಮುಗಿಸಲು ನಾಲ್ಕು ದಿನ ಹಿಡಿಯಿತು.

ಕೊನೆಯ ಮನೆ ಹೊಲಿಯುವ ಹೆಂಗಸಿನದು. ಅವಳು ಬುಟ್ಟಿ ಕೆಳಗಿಟ್ಟು ಪೂರ್ತಿ ಕೇಳಿದಳು.

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ ಡ್ರೈವರೇ. ಬರ್ದು ಕೊಡ್ತೀರಾ? ನಾವು ಇಪ್ಪತ್ತಾರು ಮನೆಯೋರೂ ಕೆಳಗೆ ಸಹಿ ಹಾಕ್ತೀವಿ. ನಿಮ್ಮ ಹೆಸ್ರು ಮೊದಲು ಬರುತ್ತೆ, ನೋಡ್ಕೊಳ್ಳಿ."

ಅವನು ಲಾರಿಯ ಎಂಜಿನ್ ಆರಿಸಿ ಕೆಳಗಿಳಿದು, ಅವಳ ಜಗುಲಿಯ ಮೇಲೆ ಕೂತು ಹಾಳೆ ಕೇಳಿದ.